ವಿಭೂತಿಯಲ್ಲಿ ಉಜ್ಜಿದ ಡಾಲರು

ಆ ಕತೆಯನ್ನು ನಂದನ್ ಚೆನ್ನಾಗಿ ಹೇಳುತ್ತಿದ್ದ. ಹನ್ನೆರಡು ವರ್ಷ ಕೇಳಿ ಕೇಳಿ ಅವನ ಹೆಂಡತಿ ರೇಣುವಿಗೆ ಅದು ಬಾಯಿಪಾಠವಾಗಿತ್ತು. ಎಲ್ಲಿ ಉಸಿರು ಹಿಡಿಯುತ್ತಾನೆ, ಎಲ್ಲಿ ಚಪಾತಿ ಚೂರನ್ನು ಪಲ್ಯದಲ್ಲೇ ಬಿಟ್ಟು ಕೈ ಎತ್ತುತ್ತಾನೆ, ಗಂಡಸರು ಯಾವಾಗ ನಗಲು ಶುರುಮಾಡುತ್ತಾರೆ, ಹೆಂಗಸರು ಯಾವಾಗ ತಿರುಗಿ ತನ್ನ ಮುಖ ನೋಡುತ್ತಾರೆ, ಎಲ್ಲ ಗೊತ್ತು. ಮಿಶಿಗನ್ನಿನ ರಾಚೆಸ್ಟರ್ ಹಿಲ್ಸಿನ ಅವರ ಬಡಾವಣೆಗೆ ಯಾರೇ ಕನ್ನಡದವರು ಹೊಸದಾಗಿ ಬರಲಿ, ಮೊದಲ ಊಟಕ್ಕೆ ಕರೆದ ದಿನ ಹೋಳಿಗೆಯ ಜೊತೆಗೆ ಈ ಕತೆಯನ್ನೂ ಬಡಿಸಿಯಾಗುತ್ತಿತ್ತು.

"ಸಾವಿರದ ಎಂಟುನೂರ ತೊಂಬತ್ತಮೂರನೇ ಇಸವಿದು ಸ್ವಾಮಿ. ಬೆಳ್ಳಿ ಡಾಲರು. ಮಾರ್ಗನ್ ಡಾಲರು ಅಂತಾರೆ. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೇಲಿ ಆ ವರ್ಷ ಹೊಡೆದದ್ದೇ ಒಂದು ಲಕ್ಷ. ಹಿಂದುಗಡೆ ಒಂದು ಪುಟ್ಟ ಎಸ್ ಅಕ್ಷರ ಇರುತ್ತೆ, ಅದಕ್ಕೇ ಬೆಲೆ. ನೂರಿಪ್ಪತ್ತು ವರ್ಷ ಎಂತೆಂಥ ಕುಡುಕರ ಜೇಬಲ್ಲಿ ಉರುಳಾಡಿದ್ರೂ ಅದಕ್ಕೇನೂ ಆಗಿರ್ಲಿಲ್ಲ. ನಮ್ಮನೆಗೆ ಬಂತು. ವರಮಹಾಲಕ್ಷ್ಮಿ ಹಬ್ಬ. ನಮ್ಮ ಮನೆಯೋರು ತಗೊಂಡ್ರು ನೋಡಿ ವಿಭೂತಿ ಗಟ್ಟಿ..."

ಇಲ್ಲಿ ಅವನು ಸುಮ್ಮನಾಗುತ್ತಿದ್ದ. ನಾಣ್ಯದ ವಿಷಯ ಗೊತ್ತಿದ್ದವರು ಆಗಲೇ ತಲೆ ಹಿಡಿದುಕೊಳ್ಳುತ್ತಿದ್ದರು.

"ಪಳಪಳ ಅನ್ನೋ ಹಾಗೆ ಉಜ್ಜಿಟ್ಲು. ಹತ್ತು ನಿಮಿಷ. ಒಂದು ಒಳ್ಳೇ ಕಾರು ಸಿಂಕಲ್ಲಿ ಹರಿದುಹೋಯ್ತು."

ಹಳೆಯ ನಾಣ್ಯ ಕೂಡಿಡುವವರ ಲೋಕದಲ್ಲಿ ಕ್ಷಮೆಯಿಲ್ಲದ ಪಾಪವೆಂದರೆ ತೊಳೆಯುವುದು. ಕಾಲ ಕೂರಿಸಿದ ಕಪ್ಪನ್ನು ಮುಟ್ಟಬಾರದು. ಉಜ್ಜಿದರೆ ಕೂದಲಿನಂಥ ಗೀರುಗಳು ಬೀಳುತ್ತವೆ. ನಾಣ್ಯವನ್ನು ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿಕೊಡುವ ಗ್ರೇಡಿಂಗ್ ಕಂಪನಿಯವರು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ನಮ್ಮಲ್ಲಿ ಇದು ತಿರುಗಾಮುರುಗಾ. ಹಬ್ಬದ ಮುನ್ನಾದಿನ ಬೆಳ್ಳಿ ಕಪ್ಪಗಿದ್ದರೆ ಮನೆಯ ಹೆಂಗಸಿಗೆ ನಿದ್ದೆ ಹತ್ತುವುದಿಲ್ಲ. ಮೈಸೂರಿನಲ್ಲಿ ರೇಣುವಿನ ತಾಯಿ ಪಂಚಪಾತ್ರೆ, ದೀಪದ ಕಂಬ, ಅರಿಶಿನ ಕುಂಕುಮದ ಬಟ್ಟಲು ಎಲ್ಲವನ್ನೂ ವಿಭೂತಿ ಹಾಕಿ, ಹಳೇ ಪಂಚೆಯ ತುಂಡಿನಲ್ಲಿ ತಿಕ್ಕುತ್ತಿದ್ದರು. ರೇಣು ಮಾಡಿದ್ದೂ ಅಷ್ಟೇ.

ಕತೆಯಲ್ಲಿ ಒಂದು ಸಂಗತಿ ಮಾತ್ರ ಬರುತ್ತಿರಲಿಲ್ಲ. ಆ ನಾಣ್ಯವನ್ನು ಅವಳು ತಗೊಂಡದ್ದಲ್ಲ. ನಂದನ್ನೇ ಕೊಟ್ಟದ್ದು.

ಅದುವರೆಗೆ ತನ್ನ ನಾಣ್ಯಗಳನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಆ ಸಂಜೆ ತಾನಾಗಿಯೇ ಬೀಗ ತೆಗೆದು, ಆ ಬೆಳ್ಳಿ ಡಾಲರನ್ನು ತಂದು ಅವಳ ಅಂಗೈಯಲ್ಲಿಟ್ಟು, "ಈ ಸಲ ಕಲಶದ ಮುಂದೆ ಇದನ್ನೇ ಇಡು. ಇವಳೂ ಲಕ್ಷ್ಮೀನೇ ತಾನೆ" ಅಂದಿದ್ದ. ನಾಣ್ಯದ ಮೇಲೆ ಒಬ್ಬ ಹೆಂಗಸಿನ ಮುಖ, ತಲೆಯ ಮೇಲೆ ಕಿರೀಟದ ಹಾಗೆ ಪಟ್ಟಿ. "ಕಪ್ಪಗಿದೆಯಲ್ಲ ರೀ" ಅಂದದ್ದಕ್ಕೆ, "ಅದೆಲ್ಲ ನಂಗೇನು ಗೊತ್ತು, ನಿಮ್ಮ ಪದ್ಧತಿ ಹೇಗೋ ಹಾಗೆ ಮಾಡಮ್ಮ" ಅಂದು ಟಿವಿ ಮುಂದೆ ಹೋಗಿ ಕೂತಿದ್ದ. ಮಾರನೆಯ ಸಂಜೆ ಆರತಿಗೆ ಬಂದ ಹತ್ತು ಮನೆಯವರ ಎದುರು ಅದನ್ನು ಎತ್ತಿ ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡು, "ತೊಳೆದ್ಯಾ?" ಅಂದ.

ಅವತ್ತಿನಿಂದ ರೇಣು ಆ ಮನೆಯಲ್ಲಿ ಕಲಶ ಕೂರಿಸಿರಲಿಲ್ಲ. ಲಕ್ಷ್ಮಿಯ ಪಟಕ್ಕೆ ಹೂವಿಟ್ಟು ಮುಗಿಸುತ್ತಿದ್ದಳು. ಗಂಡ ಬಯ್ಯಲಿಲ್ಲ, ಅದೇ ಕಷ್ಟವಾಗಿತ್ತು. "ಹೋಗ್ಲಿ ಬಿಡು, ನಿಂಗೇನು ಗೊತ್ತಿತ್ತು" ಅಂದುಬಿಟ್ಟ. ಆ ನಷ್ಟ ತುಂಬಿಕೊಡಲು ಸೋಮವಾರ ಅವಳೇ ಹೋಗಿ ಸೂಪರ್‌ವೈಸರನ್ನು ಕೇಳಿ ಶನಿವಾರದ ಶಿಫ್ಟು ಹಾಕಿಸಿಕೊಂಡಳು. ಕಾರಿನ ಬಾಗಿಲ ಚಿಲಕ ಮಾಡುವ ಕಂಪನಿ. ಹೊರಗಿಂದ ಬರುವ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಒಳಗೆ, ಇಲ್ಲದಿದ್ದರೆ ಕೆಂಪು ಟ್ಯಾಗ್ ಕಟ್ಟಿ ಹೊರಗೆ. ವಾರದಲ್ಲಿ ಐದು ದಿನ ಮಾಡುವುದನ್ನು ಆರನೆಯ ದಿನವೂ ಮಾಡಿದಳು. ಆರು ವರ್ಷ. ನಂದನ್ ಬೇಡ ಅನ್ನಲಿಲ್ಲ.

ಮಗಳು ಜಾನ್ವಿಗೆ ಆಗ ಹನ್ನೆರಡು. ಶನಿವಾರ ಅಮ್ಮ ಮನೆಯಲ್ಲಿಲ್ಲದ್ದರಿಂದ ಅಪ್ಪನ ಹಿಂದೆ ನಾಣ್ಯದ ಮೇಳಗಳಿಗೆ ಹೋದಳು. ಸೌತ್‌ಫೀಲ್ಡಿನ ಹೋಟೆಲ್ ಹಾಲ್‌ಗಳಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ಸುತ್ತಿದಳು, ಕಣ್ಣಿಗೆ ಪುಟ್ಟ ಭೂತಗನ್ನಡಿ ಒತ್ತಿಕೊಂಡು ನೋಡುವುದನ್ನು ಕಲಿತಳು. ಅವಳ ಈಜು ಸ್ಪರ್ಧೆಗಳೂ ಶನಿವಾರವೇ. ಒಂದಕ್ಕೂ ರೇಣು ಹೋಗಲಿಲ್ಲ. ಕಾಲೇಜು ಮುಗಿಸಿದ ಜಾನ್ವಿ ಈಗ ಶಿಕಾಗೋ ಕಡೆಯ ನಾಣ್ಯದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದಳು. ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳುವ ಕೆಲಸ. ನಂದನ್‌ಗೆ ಅದು ಹೆಮ್ಮೆ. ಪ್ರತಿ ವಾರ ಅಪ್ಪ ಮಗಳು ಒಂದೊಂದು ಗಂಟೆ ಫೋನಿನಲ್ಲಿ. ರೇಣುವಿಗೆ ಫೋನು ಬರುವ ಹೊತ್ತಿಗೆ "ಅಮ್ಮ, ಊಟ ಆಯ್ತಾ?" ಅನ್ನುವಷ್ಟೇ ಉಳಿದಿರುತ್ತಿತ್ತು.

ಜಾನ್ವಿಯೇ ಈ ಜುಲೈನಲ್ಲಿ ಒಮ್ಮೆ ಅಂದಳು: "ಅಮ್ಮ, ಆ ಕಾಯಿನ್ ಇನ್ನೂ ಇದೆಯಾ? ಕ್ಲೀನ್ ಮಾಡಿದ್ರೂ ಇಟ್ಸ್ ನಾಟ್ ಝೀರೋ, ಯು ನೋ. ತೊಂಬತ್ತಮೂರರ ಎಸ್ ಅಂದ್ರೆ ಹಾಳಾಗಿದ್ರೂ ಜನ ತಗೋತಾರೆ. ಅಪ್ಪ ನಂಗೆ ಯಾವತ್ತೂ ತೋರಿಸೇ ಇಲ್ಲ. ಕೇಳಿದ್ರೆ, ಸತ್ತೋಗಿದ್ದನ್ನ ಏನು ನೋಡ್ತೀಯ ಅಂತಾರೆ."

ಪೂರಾ ಹಾಳಾಗಿಲ್ಲ ಅನ್ನುವ ಆ ಮಾತು ರೇಣುವಿನ ಎದೆಯಲ್ಲಿ ಕೂತುಬಿಟ್ಟಿತು. ಅವಳಿಗೆ ಬೇಕಾದದ್ದು ದುಡ್ಡಲ್ಲ. ಮುಂದಿನ ಸಲ ಕತೆ ಶುರುವಾದಾಗ, "ಅಷ್ಟೇನೂ ಹಾಳಾಗಿರ್ಲಿಲ್ವಂತೆ ರೀ" ಅಂತ ಒಂದು ಮಾತು ಹೇಳುವಷ್ಟು ಜಾಗ ಸಿಕ್ಕರೆ ಸಾಕಾಗಿತ್ತು. ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನಲ್ಲಿ ಮಗಳು ಹೊಸ ಅಪಾರ್ಟ್‌ಮೆಂಟಿಗೆ ಬಂದಿದ್ದಳು. ಆಗಸ್ಟಿನ ಮೊದಲ ವಾರಾಂತ್ಯ ನಂದನ್‌ಗೆ ಆಫೀಸಿನ ಕೆಲಸ. ಅವನಿಗೆ ಹೇಳದೆ ಬೀರುವಿನಿಂದ ಆ ಪುಟ್ಟ ನೀಲಿ ಡಬ್ಬಿಯನ್ನು ತೆಗೆದು, ಚಟ್ನಿಪುಡಿ ನಿಪ್ಪಟ್ಟಿನ ಚೀಲದೊಳಗೆ ಇಟ್ಟುಕೊಂಡು ರೇಣು ಮುನ್ನೂರು ಮೈಲಿ ಡ್ರೈವ್ ಮಾಡಿದಳು. ಹನ್ನೆರಡು ವರ್ಷದಲ್ಲಿ ಆ ಡಬ್ಬಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಜಾನ್ವಿಯ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಅದಕ್ಕೆ ಸಿಕ್ಕಿಸಿದ ಮೈಕ್ರೋಸ್ಕೋಪು, ಪುಟ್ಟ ತಕ್ಕಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೆತ್ತನೆ ಬಟ್ಟೆಯ ಮೇಲಿಟ್ಟಳು. ತೂಕ ಸರಿಯಿತ್ತು. ಅಳತೆ ಸರಿಯಿತ್ತು.

"ಬೆಳ್ಳಿ ಕರೆಕ್ಟಾಗಿದೆ. ಅಯ್ಯೋ ಅಮ್ಮ, ನೀನು ಚೆನ್ನಾಗೇ ಉಜ್ಜಿದೀಯ."

"ನೀನೂ ಶುರು ಮಾಡ್ಬೇಡ ಮಾರಾಯ್ತಿ."

"ಸಾರಿ, ಸಾರಿ. ಈಗ ನೋಡು, ಈ ಹೆಂಗಸಿನ ತಲೆಪಟ್ಟಿ ಮೇಲೆ ಲಿಬರ್ಟಿ ಅಂತ ಬರೆದಿದೆಯಲ್ಲ, ಅದರ ಟಿ ಅಕ್ಷರದ ತಲೇಲಿ ಒಂದು ಸಣ್ಣ ಓರೆ ಗೆರೆ ಇರ್ಬೇಕು. ಅಚ್ಚಲ್ಲೇ ಇದ್ದ ಗೀರು. ಅಸಲಿ ಎಲ್ಲದರಲ್ಲೂ ಇರುತ್ತೆ." ಅವಳು ತಿರುಪು ತಿರುಗಿಸಿದಳು. ಪರದೆಯ ಮೇಲೆ ಟಿ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಗೆರೆ ಕಾಣಲಿಲ್ಲ. ಜಾನ್ವಿ ನಾಣ್ಯವನ್ನು ಮಗುಚಿ ಹಾಕಿದಳು.

ಈಗ ಪರದೆಯ ತುಂಬ ಎಸ್ ಅಕ್ಷರ. ರೇಣು ಕನ್ನಡಕ ಏರಿಸಿ ಬಗ್ಗಿದಳು. ಇಪ್ಪತ್ತು ವರ್ಷ ಲೋಹದ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದ ಕಣ್ಣು. ಅಕ್ಷರದ ಬುಡದ ಸುತ್ತ ಒಂದು ನೆರಳು, ಎಳೆಯಷ್ಟು ಸಂದು, ಸಂದಿನಲ್ಲಿ ಒಂದು ಕಡೆ ಮಣ್ಣುಬಣ್ಣದ ಏನೋ ತುಂಬಿಕೊಂಡಿದೆ.

"ಇದು ಒಟ್ಟಿಗೆ ಅಚ್ಚಾಗಿದ್ದಲ್ಲ" ಅಂದಳು ರೇಣು. "ಅಂಟಿಸಿದ್ದು."

ಜಾನ್ವಿ ತಲೆಯಾಡಿಸಿದಳು. "ಬೇರೆ ಊರಿನ ಟಂಕಸಾಲೆಯ ಕಾಯಿನ್ನು. ಅದೇ ವರ್ಷದ್ದು. ಯಾರೋ ಎಸ್ ಅಂಟಿಸಿದಾರೆ. ಇಟ್ಸ್ ಅ ಫೇಕ್, ಅಮ್ಮ. ನೀನು ತೊಳೆಯೋಕೆ ಮುಂಚೇನೇ ಇದು ಫೇಕು."

ರೇಣುವಿಗೆ ಮೊದಲು ಬಂದದ್ದು ನಗು. ಕುರ್ಚಿ ಎಳೆದುಕೊಂಡು ಕೂತು, ಸೆರಗಿಲ್ಲದ ಟೀಶರ್ಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡು ನಕ್ಕಳು. ಪಾಪ, ನಂದನ್‌ಗೆ ಯಾರೋ ಟೋಪಿ ಹಾಕಿದಾರೆ. ಅವರಿಗೆ ಹೇಗೆ ಹೇಳೋದು, ಎದೆ ಒಡ್ಕೋತಾರಲ್ಲ ಅಂತಲೂ ಅನ್ನಿಸಿತು. ಆ ಗಳಿಗೆಯಲ್ಲೂ ಅವನ ಮೇಲೆ ಮರುಕವೇ ಬಂದಿತ್ತು ಅನ್ನುವುದನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ನಾಣ್ಯವನ್ನು ಡಬ್ಬಿಗೆ ಹಾಕುವಾಗ ಕೆಳಗಿನ ಸ್ಪಂಜು ಎದ್ದಿತ್ತು. ಕೆಲಸದಲ್ಲಿ ಅವಳಿಗೆ ಅದೊಂದು ಅಭ್ಯಾಸ, ಮಾಲು ನೋಡಿದ ಮೇಲೆ ಪೆಟ್ಟಿಗೆಯ ತಳ ನೋಡುವುದು. ಚೀಟಿಗಳೆಲ್ಲ ಅಲ್ಲೇ ಸಿಕ್ಕಿಕೊಂಡಿರುತ್ತವೆ. ಸ್ಪಂಜು ಎತ್ತಿದಳು. ನಾಲ್ಕು ಮಡಿಕೆಯ ಒಂದು ಕಾಗದವಿತ್ತು.

ಗ್ರೇಡಿಂಗ್ ಕಂಪನಿಯದ್ದು. ಕಳಿಸಿದವರು, ನಂದನ್. ನಾಣ್ಯ, ಸಾವಿರದ ಎಂಟುನೂರ ತೊಂಬತ್ತಮೂರರ ಡಾಲರು. ಫಲಿತಾಂಶ: ಟಂಕಸಾಲೆಯ ಗುರುತು ಆಮೇಲೆ ಸೇರಿಸಿದ್ದು, ಅಸಲಿಯಲ್ಲ, ಮೊಹರು ಮಾಡದೆ ಹಿಂದಿರುಗಿಸಲಾಗಿದೆ.

ಕೆಂಪು ಟ್ಯಾಗಿನಲ್ಲಿ ರೇಣು ಮೊದಲು ನೋಡುತ್ತಿದ್ದದ್ದು ತಾರೀಕು. ಇಲ್ಲೂ ಕಣ್ಣು ಅಲ್ಲಿಗೇ ಹೋಯಿತು. ಜೂನ್ 11, 2013.

ಆ ವರ್ಷ ಹಬ್ಬ ಆಗಸ್ಟ್ ಹದಿನಾರು. ಅದನ್ನು ಅವಳಿಗೆ ಯಾರೂ ನೆನಪು ಮಾಡಬೇಕಿರಲಿಲ್ಲ.

ಕಾಗದ ಜಾನ್ವಿಯ ಕೈಗೆ ಹೋಯಿತು. ಅವಳು ಎರಡು ಸಲ ಓದಿದಳು. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಯಾರದೋ ಕಾರು ಹಿಂದಕ್ಕೆ ಬರುತ್ತ ಬೀಪ್ ಬೀಪ್ ಅನ್ನುತ್ತಿತ್ತು.

"ಹೀ ನ್ಯೂ. ಅಪ್ಪಂಗೆ ಗೊತ್ತಿತ್ತು" ಅಂದಳು ಜಾನ್ವಿ.

"ಅವರೇ ತಂದು ಕೊಟ್ಟಿದ್ದು" ಅಂದಳು ರೇಣು. "ಕಲಶಕ್ಕೆ ಇಡು ಅಂತ. ಅದನ್ನ ಯಾರಿಗೂ ಹೇಳಿಲ್ಲ ನಾನು. ಅದೊಂದು ನನ್ನ ಹತ್ರಾನೇ ಇರ್ಲಿ ಅಂತ ಇಟ್ಕೊಂಡಿದ್ದೆ."

ಯಾಕೆ ಇಟ್ಟುಕೊಂಡಿದ್ದಳು ಅನ್ನುವುದನ್ನು ಮಗಳಿಗೆ ಹೇಳಲಾಗಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಗಂಡ ತಾನು ಜೋಪಾನ ಮಾಡಿದ ಒಂದು ವಸ್ತುವನ್ನು ತಾನಾಗಿ ತಂದು ಕೈಯಲ್ಲಿಟ್ಟದ್ದು ಆ ಒಂದೇ ಸಲ. ಅವನ ನಂಬಿಕೆಯನ್ನು ತಾನೇ ಕೆಡಿಸಿದೆ ಅಂದುಕೊಂಡಿದ್ದಳು. ಅದಕ್ಕೇ ಶನಿವಾರಗಳನ್ನು ಕೊಟ್ಟದ್ದು.

"ಅಮ್ಮ, ನಾನು ಕಾಲೇಜ್ ಅಡ್ಮಿಷನ್ ಪ್ರಬಂಧದಲ್ಲಿ ಇದನ್ನೇ ಬರೆದಿದ್ದೆ. ನನ್ನ ಅಮ್ಮ ಹೇಗೆ ಕಾಯಿನ್ ತೊಳೆದ್ಲು ಅಂತ. ಫನ್ನಿಯಾಗಿ." ಜಾನ್ವಿ ಕಾಗದವನ್ನು ಕಟ್ಟೆಯ ಮೇಲಿಟ್ಟು ಅದರ ಮಡಿಕೆಗಳನ್ನು ಬೆರಳಲ್ಲಿ ಒತ್ತಿ ಒತ್ತಿ ಸಮ ಮಾಡುತ್ತಿದ್ದಳು. "ನಾನೇ ಫೋನ್ ಮಾಡ್ತೀನಿ ಅಪ್ಪಂಗೆ. ಈಗಲೇ."

"ಬೇಡ. ಶುಕ್ರವಾರ ಹಬ್ಬ. ಜನ ಹೋದ್ಮೇಲೆ, ಎಂಟು ಗಂಟೆ ಮೇಲೆ ಮಾಡು."

ರೇಣು ಭಾನುವಾರ ಹೊರಟಳು. ಮಿಶಿಗನ್ ಗಡಿ ದಾಟಿ ಎಕ್ಸಿಟ್ಟುಗಳು ಒಂದೊಂದಾಗಿ ಹಿಂದೆ ಸರಿಯುವಾಗ ಅವಳು ಆ ವರ್ಷವನ್ನು ಮೊದಲಿಂದ ಜೋಡಿಸಿದಳು. ಶಿಕಾಗೋ ಮೇಳದಿಂದ ಅದನ್ನು ತಂದ ಮೇಲೆ ಮನೆಮನೆಗೂ ಫೋನ್ ಮಾಡಿ ಹೇಳಿದ್ದು. ಸ್ನೇಹಿತರನ್ನು ಕರೆದು ಊಟ ಹಾಕಿಸಿದ್ದು. "ಮಾರೋನಿಗೆ ಬೆಲೆ ಗೊತ್ತಿರ್ಲಿಲ್ಲ, ನಂಗೆ ಕಣ್ಣಿತ್ತು" ಅಂದದ್ದು. ಗ್ರೇಡಿಂಗಿಗೆ ಕಳಿಸಿದ್ದೀನಿ ಅಂದದ್ದು. ಜೂನಿನಲ್ಲಿ ಎಲ್ಲರೂ ಏನಾಯ್ತು ಏನಾಯ್ತು ಅಂತ ಕೇಳತೊಡಗಿದಾಗ, ತುಂಬಾ ಕ್ಯೂ ಇದೆ ಅಂದದ್ದು. ಜುಲೈನಲ್ಲೂ ಕೇಳಿದಾಗ, ವಾಪಸ್ ತರಿಸ್ಕೊಂಡಿದೀನಿ, ಹಬ್ಬ ಆದ್ಮೇಲೆ ಮತ್ತೆ ಕಳಿಸ್ತೀನಿ ಅಂದದ್ದು. ಆಗಸ್ಟಿನಲ್ಲಿ ಹಬ್ಬ ಬಂತು. ಹತ್ತು ಮನೆಯವರನ್ನು ಕರೆಯೋಣ ಅಂದವನೂ ಅವನೇ.

ಶುಕ್ರವಾರ ರಜೆ ಹಾಕಿ ರೇಣು ಹನ್ನೆರಡು ವರ್ಷದ ಮೇಲೆ ಕಲಶ ಕೂರಿಸಿದಳು. ತೆಂಗಿನಕಾಯಿಗೆ ಮುಖ ಕಟ್ಟಿ, ಸೀರೆ ಉಡಿಸಿ, ಕಿವಿಗೆ ಓಲೆಯಿಟ್ಟು, ಮುಂದೆ ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಹರಡಿ, ಅಕ್ಕಿಯ ಮೇಲೆ ಆ ಡಾಲರು ಇಟ್ಟಳು. ಡಾಲರಿನ ಕೆಳಗೆ ಆ ಕಾಗದ, ತಾರೀಕು ಕಾಣುವ ಹಾಗೆ ಮಡಿಸಿದ್ದು. ನಾಣ್ಯದ ಹೆಂಗಸಿನ ಹಣೆಗೆ ಕುಂಕುಮ ಇಟ್ಟಳು.

ಸಂಜೆ ಆರಕ್ಕೆ ಜನ ಸೇರಿದರು. ಜೂನಿನಲ್ಲಷ್ಟೇ ಬಂದ ಪ್ರಸಾದ್, ಲತಾಶ್ರೀ ಗಂಡಹೆಂಡತಿ ಇದ್ದರು, ಉಳಿದವರೆಲ್ಲ ಹಳಬರು. ಮಂಗಳಾರತಿಗೆ ಎಲ್ಲರ ಹಿಂದೆ ಬಂದ ನಂದನ್ ಕೈ ಮುಗಿದು ಬಗ್ಗಿದ. ಬಗ್ಗಿದವನು ಒಂದು ಗಳಿಗೆ ಹಾಗೇ ನಿಂತ. ಆರತಿ ತಟ್ಟೆ ಹಿಡಿದ ರೇಣು ಅವನ ತಲೆಯ ಸುಳಿಯನ್ನೇ ನೋಡುತ್ತಿದ್ದಳು. ಅಲ್ಲಿ ಕೂದಲು ತೆಳುವಾಗಿತ್ತು. ಅವನು ಎದ್ದು, ಆರತಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಹೆಂಡತಿಯ ಮುಖ ನೋಡದೆ ಹಾಲಿಗೆ ಹೋದ.

ಊಟಕ್ಕೆ ಕೂತಾಗ ಹಳಬರೊಬ್ಬರು, "ಏನಮ್ಮ ರೇಣು, ಡಾಲರಮ್ಮನ್ನ ಮತ್ತೆ ಕೂರಿಸಿದೀರ? ಈ ಸಲ ಯಾವ ಪೌಡರು?" ಅಂದರು. ಎಲ್ಲರೂ ನಕ್ಕರು.

"ಏನಂಕಲ್ ಅದು?" ಅಂದ ಪ್ರಸಾದ್. "ನಮಗೆ ಗೊತ್ತಿಲ್ಲ, ಹೇಳಿ."

ನಂದನ್ ನೀರು ಕುಡಿದ. ಆಗ ನೋಡಿದ ರೇಣುವಿನ ಕಡೆ. ಅವಳು ಪ್ರಸಾದನ ತಟ್ಟೆಗೆ ತುಪ್ಪ ಬಡಿಸುತ್ತಿದ್ದಳು.

"ಹೇಳಿ ರೀ" ಅಂದಳು. "ಪಾಪ, ಕೇಳ್ತಿದಾರೆ."

ಅವನಿಗೆ ಇದ್ದದ್ದು ಅದೊಂದು ಗಳಿಗೆ. ಏನಿಲ್ಲ ಬಿಡಪ್ಪ ಅನ್ನಬಹುದಿತ್ತು. ಅಷ್ಟು ಅಂದಿದ್ದರೂ ರೇಣು ಬಹುಶಃ ಆ ಕಾಗದವನ್ನು ಡಾಲರಿನ ಕೆಳಗಿಂದ ತೆಗೆದು ಒಳಗಿಡುತ್ತಿದ್ದಳು.

"ಸಾವಿರದ ಎಂಟುನೂರ ತೊಂಬತ್ತಮೂರನೇ ಇಸವಿದು ಸ್ವಾಮಿ" ಅಂದ ನಂದನ್.

ಪೂರ್ತಿ ಹೇಳಿದ. ಕುಡುಕರ ಜೇಬೂ ಬಂತು, ವಿಭೂತಿ ಗಟ್ಟಿಯೂ ಬಂತು. ನಿಲ್ಲಿಸುವ ಕಡೆ ನಿಲ್ಲಿಸಿದ. ಕೈ ಎತ್ತುವ ಕಡೆ ಎತ್ತಿದ. ಕಾರು ಸಿಂಕಿನಲ್ಲಿ ಹರಿದುಹೋದಾಗ ಪ್ರಸಾದ್ ಊಟ ಬಿಟ್ಟು ನಕ್ಕ.

ಅಡುಗೆಮನೆಗೆ ಪಾತ್ರೆ ತಂದ ಲತಾಶ್ರೀ ಮೆಲ್ಲಗೆ, "ಆಂಟಿ, ಎಲ್ಲರ ಮುಂದೆ ಹೀಗೆ ಹೇಳಿದ್ರೆ ನಿಮಗೆ ಬೇಜಾರಾಗಲ್ವಾ?" ಅಂದಳು.

"ಇಷ್ಟು ದಿನ ಆಗ್ತಿತ್ತು ಕಣಮ್ಮ" ಅಂದಳು ರೇಣು. ತಾಂಬೂಲದ ಚೀಲಕ್ಕೆ ಕೋಸಂಬರಿಯ ಪುಟ್ಟ ಡಬ್ಬಿಯೊಂದನ್ನೂ ಹಾಕಿಕೊಟ್ಟಳು.

ಎಂಟಕ್ಕೆ ಎಲ್ಲರೂ ಹೋದರು. ಹೊರಗೆ ಇನ್ನೂ ಬೆಳಕಿತ್ತು, ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ನಂದನ್ ಕಲಶದ ಮುಂದೆ ನಿಂತಿದ್ದ. ಕಾಗದ ಅವನ ಕೈಯಲ್ಲಿತ್ತು, ಅದಕ್ಕಂಟಿದ ಎರಡು ಅಕ್ಕಿಕಾಳು ಕೆಳಗೆ ಬಿದ್ದವು.

"ಜಾನ್ವಿಗೆ ಗೊತ್ತಾ?" ಅಂದ.

ಹನ್ನೆರಡು ವರ್ಷ ಮುಚ್ಚಿಟ್ಟದ್ದು ಬಯಲಾದ ಮೇಲೆ ಅವನ ಮೊದಲ ಮಾತು ಅದು.

"ಅವಳ ಮೈಕ್ರೋಸ್ಕೋಪಲ್ಲೇ ನೋಡಿದ್ದು."

ಅವನು ಸೋಫಾದ ತುದಿಯಲ್ಲಿ ಕೂತ. "ಮಾರಿದೋನ ಫೋನು ಡಿಸ್ಕನೆಕ್ಟ್ ಆಗಿತ್ತು ರೇಣು. ಎಲ್ಲರಿಗೂ ಹೇಳಿಬಿಟ್ಟಿದ್ದೆ. ನಾನೇನು ಮಾಡ್ಬೇಕಿತ್ತು? ಎಲ್ಲರ ಮುಂದೆ ಪೆದ್ದ ಆಗ್ಬೇಕಿತ್ತಾ?"

"ಯಾರಾದ್ರೂ ಒಬ್ಬರು ಆಗ್ಬೇಕಿತ್ತಲ್ಲ" ಅಂದಳು ರೇಣು.

"ನಾನು ನಿನ್ನ ಒಂದು ದಿನ ಬೈದಿದೀನಾ? ಹೋಗ್ಲಿ ಬಿಡು ಅಂತಾನೇ ಅಂದೆ."

"ಹೌದು. ಕ್ಷಮಿಸಿದ್ರಿ." ಅವಳು ಕೈಯಲ್ಲಿದ್ದ ಪಾತ್ರೆಯನ್ನು ಒರೆಸುತ್ತಲೇ ಇದ್ದಳು. "ಆರು ವರ್ಷ ಶನಿವಾರ ಬೆಳಿಗ್ಗೆ ಐದೂವರೆಗೆ ಎದ್ದು ಹೋಗ್ತಿದ್ದೆ. ನೀವು ಕಾಫಿ ಮಾಡಿಕೊಡ್ತಿದ್ರಿ. ಕಪ್ಪು ಕೈಗೆ ಕೊಡುವಾಗ ಏನನ್ನಿಸ್ತಿತ್ತು ಅಂತ ಕೇಳ್ಬೇಕು ಅನ್ಕೊಂಡಿದ್ದೆ. ಈಗ ಕೇಳೋಕೂ ಬೇಜಾರು."

ನಂದನ್ ಕಾಗದವನ್ನು ಅದರ ಹಳೆಯ ಮಡಿಕೆಗಳಲ್ಲೇ ಮತ್ತೆ ಮಡಿಸಿದ. ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಜೇಬಿಗೆ ಹಾಕಿಕೊಳ್ಳಲು ಹೋಗಿ ನಿಲ್ಲಿಸಿದ.

ಟೀಪಾಯಿಯ ಮೇಲೆ ಅವನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಜಾನ್ವಿಯ ಹಳೆಯ ಫೋಟೋ, ಹದಿಮೂರು ವರ್ಷದವಳು, ಯಾವುದೋ ಮೇಳದಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಇನ್ನೊಂದು ಕಣ್ಣು ಮುಚ್ಚಿ ನಗುತ್ತಿದ್ದಾಳೆ. ಅದನ್ನು ತೆಗೆದದ್ದು ಒಂದು ಶನಿವಾರ. ನಂದನ್ ಫೋನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅದು ಹೊಡೆದುಕೊಳ್ಳುತ್ತಲೇ ಇತ್ತು.

ರೇಣು ಪಾತ್ರೆಯನ್ನು ಬೋರಲು ಹಾಕಿ, ಕೈಯೊರೆಸಿಕೊಂಡಳು.

"ಎತ್ತಿ" ಅಂದಳು. "ಅವಳಿಗೂ ಹೇಳಿ ಕತೇನ."